ಪಾಪ, ಸರ್ ಏನು ಮಾಡ್ತಾರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಪಾಪನಿವೇದನೆ ಮಾಡಲು ಬರುವುದಿಲ್ಲ. ಹುಟ್ಟಿದ್ದು ಬೀದರ ಕಡೆಯ ಕಥೋಲಿಕರ ಮನೆಯಲ್ಲಿ, ಮದುವೆಯಾಗಿ ಬಂದದ್ದು ಉದಗೀರದ ಕಥೋಲಿಕರ ಮನೆಗೆ, ವಯಸ್ಸು ಐವತ್ತಕ್ಕೆ ಒಂದು ಕಡಿಮೆ. ಇಷ್ಟು ಅನುಭವವಿದ್ದೂ ಬರುವುದಿಲ್ಲ. "ಫಾದರ್, ನಾನು ಪಾಪ ಮಾಡಿದ್ದೇನೆ" ಎಂದು ಮರಾಠಿಯಲ್ಲಿ ಸರಿಯಾಗಿಯೇ ಶುರು ಮಾಡುತ್ತೇನೆ. ಎರಡು ನಿಮಿಷ ಕಳೆಯುವುದರೊಳಗೆ ಅದು ನಮ್ಮ ಅತ್ತೆ ಮಾಡಿದ ಪಾಪ, ನಾದಿನಿ ಮಾಡಿದ ಪಾಪ, ಆಫೀಸಿನ ಹೆಡ್ ಕ್ಲರ್ಕ್ ಮಾಡಿದ ಪಾಪಗಳ ಯಾದಿಯಾಗಿರುತ್ತದೆ. ಸಿಟ್ಟು ಏರಿದಂತೆ ಮರಾಠಿ ಬಿಟ್ಟು ಕನ್ನಡಕ್ಕೆ ಜಾರಿರುತ್ತೇನೆ. ಕೊನೆಗೆ "ಇಷ್ಟೆಲ್ಲ ತಡಕೊಂಡು ಕೂತೀನಲ್ಲ ನಾ, ಪಾಪ" ಎಂಬಲ್ಲಿಗೆ ಬಂದು ಕಣ್ಣು ಒರೆಸಿಕೊಳ್ಳುತ್ತೇನೆ. ಫಾದರ್ ವಸಾಯಿ ಕಡೆಯವರು, ಕನ್ನಡದ ಒಂದಕ್ಷರ ತಿಳಿಯದು. ದೇವರಿಗೆ ತಿಳಿದಿರುತ್ತದೆ ಎಂಬ ನಂಬಿಕೆಯ ಮೇಲೆ ಕ್ಷಮೆ ಕೊಟ್ಟು ಕಳಿಸುತ್ತಾರೆ.

ಶುರುವಿನಲ್ಲಿ ಹೇಳಿದ ಪಾಪ ಬೇರೆ, ಕೊನೆಯಲ್ಲಿ ಹೇಳಿದ ಪಾಪ ಬೇರೆ. ಈ ಎರಡರ ನಡುವೆ ಒಬ್ಬ ಹುಡುಗಿಯ ಪದವಿ ಸಿಕ್ಕಿಹಾಕಿಕೊಳ್ಳಬಹುದು ಎಂದು ಹೋದ ವರ್ಷದ ತನಕ ನನಗೆ ಹೊಳೆದಿರಲಿಲ್ಲ.

ಕಥೆ ವಿದ್ಯಾಪೀಠದ, ಅಂದರೆ ಇಲ್ಲಿಯ ವಿಶ್ವವಿದ್ಯಾಲಯದ, ಒಂದು ಉಪಕೇಂದ್ರದ್ದು. ಯಾವುದು, ಎಲ್ಲಿ ಎಂದು ಹೇಳುವುದಿಲ್ಲ, ಯಾಕೆಂದರೆ ಅದೇ ಕೇಂದ್ರದ ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟು ಇಸಿದುಕೊಳ್ಳುವ ನನ್ನ ನೌಕರಿ ಇನ್ನೂ ಹನ್ನೊಂದು ವರ್ಷ ಬಾಕಿ ಇದೆ. ಅಲ್ಲಿ ಶನಿವಾರ ಮಧ್ಯಾಹ್ನ ನಮ್ಮ ಕಥೋಲಿಕ ವಿದ್ಯಾರ್ಥಿಗಳು ಒಂದು ಕೋಣೆಯಲ್ಲಿ ಸೇರುತ್ತಾರೆ. ಎಣಿಸಿದರೆ ಏಳು ಮಂದಿ. ವಾರಕ್ಕೊಬ್ಬರು ಎದ್ದು ನಿಂತು ಒಂದು ವಿಷಯದ ಮೇಲೆ ಮಾತಾಡಬೇಕು. ದೇವರು ಇದ್ದರೆ ಕೆಟ್ಟದ್ದು ಯಾಕಾಗುತ್ತದೆ, ಮನೆಯವರು ಒಪ್ಪದ ಮದುವೆ ತಪ್ಪೇ, ಲಂಚ ಕೊಡುವವನ ಪಾಲು ಎಷ್ಟು, ಇಂಥವು. ಆಮೇಲೆ ಪ್ರಶ್ನೆ, ಜಗಳ, ಬಿಸ್ಕೀಟು. ಬಿಸ್ಕೀಟಿನ ದೆಸೆಯಿಂದ ಹಿಂದೂ, ಮುಸಲ್ಮಾನ ಹುಡುಗರೂ ಬಂದು ಕೂಡುತ್ತಾರೆ, ಜಗಳದಲ್ಲಿ ನಮ್ಮವರಿಗಿಂತ ಅವರದೇ ಮೇಲುಗೈ. ಫಾದರ್ ಉಮರ್ಗಾದಿಂದ ಬಸ್ಸಿನಲ್ಲಿ ಬರುತ್ತಾರೆ. ಬಸ್ಸು ನಿಲಂಗಾದಲ್ಲಿ ನಿಂತರೆ ಡ್ರೈವರ್ ಚಹಾ, ಕಂಡಕ್ಟರ್ ಊಟ, ಹೀಗಾಗಿ ಅವರು ತಲುಪುವ ಹೊತ್ತಿಗೆ ದೇವರು ಇದ್ದಾನೋ ಇಲ್ಲವೋ ಎಂಬುದು ಬಹುಮತದಿಂದ ತೀರ್ಮಾನವಾಗಿರುತ್ತದೆ.

ಇದನ್ನೆಲ್ಲ ನಾನು ಫೇಸ್‌ಬುಕ್ಕಿನಲ್ಲಿ ಬರೆದಾಗಲೆಲ್ಲ ಇಬ್ಬರು ತಪ್ಪದೆ ಹಾಜರಾಗುತ್ತಾರೆ. ಒಬ್ಬರದು, ಮಹಾರಾಷ್ಟ್ರದಲ್ಲಿ ಕೂತು ಕನ್ನಡದಲ್ಲಿ ಯಾಕೆ ಬರೆಯುತ್ತೀರಿ. ಸ್ವಾಮಿ, ನಾನು ಬದನೆಕಾಯಿ ಮರಾಠಿಯಲ್ಲಿ ಕೊಂಡು ಕನ್ನಡದಲ್ಲಿ ಬೇಯಿಸುತ್ತೇನೆ, ಇದುವರೆಗೆ ರುಚಿ ಕೆಟ್ಟಿಲ್ಲ. ಇನ್ನೊಬ್ಬರದು, ವಿದ್ಯಾಪೀಠದಲ್ಲಿ ಪಾಪ ಪುಣ್ಯದ ಮಾತು ಯಾಕೆ ಬೇಕು. ಇಪ್ಪತ್ತು ವರ್ಷದ ಮಕ್ಕಳು ಯಾವುದು ಸರಿ, ಯಾವುದು ತಪ್ಪು ಎಂದು ವಿದ್ಯಾಪೀಠದಲ್ಲಿ ಕೇಳದೆ ಬೇರೆಲ್ಲಿ ಕೇಳಬೇಕು? ಪರೀಕ್ಷೆಯಲ್ಲಂತೂ ಆ ಪ್ರಶ್ನೆ ಬರುವುದಿಲ್ಲ. ಪರೀಕ್ಷೆಯ ಹಾಲಿನಲ್ಲಿ ಬರುತ್ತದೆ. ಅದನ್ನೇ ಹೇಳಲು ಹೊರಟಿದ್ದೇನೆ.

ಗಡಿಯಲ್ಲಿ ಬದುಕುವವರಿಗೆ ಶಬ್ದಗಳೇ ದೊಡ್ಡ ಫಜೀತಿ. ಶುರುವಿನಲ್ಲಿ ನಮ್ಮ ಹುಡುಗನೊಬ್ಬ ಕನ್ನಡದ 'ಉಪನ್ಯಾಸ' ಎಂಬ ಪದವನ್ನೇ ದೇವನಾಗರಿಯಲ್ಲಿ ಬರೆದು ನೋಟಿಸು ಹಚ್ಚಿದ. ಹಿಂದಿ ಮೇಷ್ಟ್ರು ತಮ್ಮ ಇಡೀ ವರ್ಗವನ್ನು ಕರೆದುಕೊಂಡು ಬಂದರು. ಹಿಂದಿಯಲ್ಲಿ ಅದಕ್ಕೆ ಕಾದಂಬರಿ ಎಂದರ್ಥ, ಯಾರೋ ಕಾದಂಬರಿಕಾರರು ಬಂದಿದ್ದಾರೆಂದು ತಿಳಿದು ಬಂದವರಿಗೆ ಸಿಕ್ಕದ್ದು ಉಪವಾಸದ ಮೇಲೆ ಹತ್ತು ನಿಮಿಷದ ಮಾತು. ಹಾಗೆಯೇ ಅನುಮಾನ. ಮರಾಠಿಯವರು ಅದನ್ನು ಯೋಚಿಸಿ ತರ್ಕದಿಂದ ಮುಟ್ಟುವ ತೀರ್ಮಾನಕ್ಕೆ ಬಳಸುತ್ತಾರೆ, ನಾವು ಬರೀ ಸಂಶಯಕ್ಕೆ. ಅವರು ಯೋಚನೆ ಮುಗಿಸಿದ ಜಾಗದಲ್ಲಿ ನಾವು ಶುರು ಮಾಡುತ್ತೇವೆ.

ಆದರೆ ಎಲ್ಲಕ್ಕಿಂತ ಮೋಸಗಾರ ಶಬ್ದ ಪಾಪ. ಮರಾಠಿಯಲ್ಲಿ ಪಾಪ ಅಂದರೆ ಪಾಪ, ಮುಗಿಯಿತು. ಕನಿಕರಕ್ಕೆ ಅವರಲ್ಲಿ 'ಬಿಚಾರಾ' ಎಂದು ಬೇರೆ ಮಾತಿದೆ. ಕನ್ನಡದವರು ಜಿಪುಣರೋ ಉದಾರಿಗಳೋ ತಿಳಿಯದು, ತಪ್ಪಿಗೂ ಅದೇ, ತಪ್ಪು ಮಾಡಿದವನನ್ನು ಕಂಡು ಮರುಗುವುದಕ್ಕೂ ಅದೇ. ಬೆಂಗಳೂರು ಕಡೆ ಇನ್ನೂ ತಪ್ಪು ಮಾಡಲು ಬಾರದ ಕೂಸಿಗೂ ಪಾಪ ಅನ್ನುತ್ತಾರಂತೆ. ರೋಮಿನಲ್ಲಿ ನಮ್ಮ ಜಗದ್ಗುರು ಪೋಪರನ್ನು 'ಪಾಪಾ' ಎಂದೇ ಕರೆಯುತ್ತಾರೆಂದು ಫಾದರ್ ಹೇಳಿದ ಮೇಲೆ ನಾನು ಈ ಯಾದಿ ಬೆಳೆಸುವುದನ್ನು ಬಿಟ್ಟೆ.

ಈಗ ಸ್ಟೆಲ್ಲಾಳ ವಿಷಯ. ಯೆಣೆಗೂರಿನ ಹುಡುಗಿ, ಎಂ.ಎ. ಕೊನೆಯ ವರ್ಷ. ಅಪ್ಪ ಹೆದ್ದಾರಿಯ ಧಾಬಾದಲ್ಲಿ ರೊಟ್ಟಿ ಬಡಿಯುತ್ತಾನೆ. ಮನೆಯ ಮಾತು ಕನ್ನಡ, ಓದಿದ್ದೆಲ್ಲ ಮರಾಠಿ. ಅವಳ ಸರದಿಯ ಶನಿವಾರ ಅವಳು ಆರಿಸಿಕೊಂಡ ವಿಷಯ ಪರೀಕ್ಷೆಯಲ್ಲಿ ಕಾಪಿ ಹೊಡೆಯುವುದು. ನಾನು ಬಾಗಿಲಲ್ಲಿ ಬಿಸ್ಕೀಟಿನ ಪುಡೆ ಹಿಡಿದು ನಿಂತು ಕೇಳಿದೆ. ಚೆನ್ನಾಗಿ ಮಾತಾಡಿದಳು. ಘೋರ ಪಾಪವಾಗಬೇಕಾದರೆ ಮೂರು ಇರಬೇಕು ಎಂದು ನಮ್ಮ ಧರ್ಮಸಭೆ ಹೇಳುತ್ತದೆ: ವಿಷಯ ದೊಡ್ಡದಿರಬೇಕು, ಗೊತ್ತಿದ್ದು ಮಾಡಿರಬೇಕು, ಮನಸ್ಸಿಟ್ಟು ಮಾಡಿರಬೇಕು. ಹಾಗಾದರೆ ಕಾಪಿ ಹೊಡೆದ ಹುಡುಗ, ಕಿಟಕಿಯಿಂದ ಚೀಟಿ ಎಸೆದ ಅವನ ಕಾಕಾ, ನೋಡಿಯೂ ನೋಡದಂತಿದ್ದ ಮೇಲ್ವಿಚಾರಕ, ಇವರಲ್ಲಿ ಯಾರದು ಎಷ್ಟು? ಉದಾಹರಣೆಗೆ ಹಿಂದಿನ ವರ್ಷ ನಮ್ಮದೇ ಹಾಲಿನಲ್ಲಿ ಆದದ್ದನ್ನು ಹೇಳಿದಳು. ಊರಿನ ದೊಡ್ಡವರೊಬ್ಬರ ಮಗ ತೊಡೆಯ ಮೇಲೆ ಗೈಡು ಇಟ್ಟುಕೊಂಡು ಬರೆದ. ಮೇಲ್ವಿಚಾರಣೆಗಿದ್ದ ಪಾಟೀಲ ಸರ್ ಮೂರು ತಾಸು ಕಿಟಕಿಯ ಹೊರಗಿನ ಬೇವಿನ ಮರ ನೋಡುತ್ತ ನಿಂತರು. ಇಷ್ಟು ಹೇಳಿ ಹುಡುಗಿ, ಮರಾಠಿಯ ನಡುವೆಯೇ, ಮನೆಯಲ್ಲಿ ಅನ್ನುವ ಹಾಗೆ ಅಂದಳು: "ಪಾಪ, ಸರ್ ತರೀ ಕಾಯ್ ಕರಣಾರ್?"

ಪಾಪ, ಸರ್ ಆದರೂ ಏನು ಮಾಡ್ತಾರ. ಕನ್ನಡದ ಕಿವಿಗೆ ಇದು ಕನಿಕರ. ಮರಾಠಿಯ ಕಿವಿಗೆ ಆರೋಪ, 'ಪಾಪ! ಸರ್ ಅದಲ್ಲದೆ ಮತ್ತಿನ್ನೇನು ಮಾಡಿಯಾರು?'

ಯಾವನೋ ಮೊಬೈಲಿನಲ್ಲಿ ಹಿಡಿದಿದ್ದ. ಸೋಮವಾರದ ಹೊತ್ತಿಗೆ ಆ ತುಣುಕು ಎಲ್ಲ ವಾಟ್ಸಪ್ ಗುಂಪುಗಳಲ್ಲಿ ತಿರುಗಿ, 'ಕ್ರಿಶ್ಚನ್ ಹುಡುಗಿ ನಮ್ಮ ಸರ್‌ನ್ನು ಪಾಪಿ ಅಂದಳು' ಎಂಬ ಬಾಲ ಹಚ್ಚಿಕೊಂಡು ನನ್ನ ಮೊಬೈಲಿಗೇ ವಾಪಸು ಬಂತು. ಬುಧವಾರ ಮೂರು ಜನರ ಸಮಿತಿ ನೇಮಕವಾಯಿತು. ಸ್ಟೆಲ್ಲಾ ಮಾಫಿನಾಮಾ, ಅಂದರೆ ಕ್ಷಮಾಪಣೆ ಪತ್ರ, ಬರೆದುಕೊಡಬೇಕು, ಇಲ್ಲದಿದ್ದರೆ ಶನಿವಾರದ ಕೋಣೆಗೆ ಬೀಗ. ಇದಕ್ಕಿಂತ ದೊಡ್ಡದು ಇನ್ನೊಂದಿತ್ತು. ಸ್ಟೆಲ್ಲಾಳ ಪ್ರಾಜೆಕ್ಟಿಗೆ ಮಾರ್ಗದರ್ಶಕರು ಅದೇ ಪಾಟೀಲ ಸರ್. ಅವರ ಸಹಿ ಇಲ್ಲದೆ ಪ್ರಾಜೆಕ್ಟು ಸಲ್ಲದು, ಪ್ರಾಜೆಕ್ಟು ಸಲ್ಲದೆ ಪರೀಕ್ಷೆಗೆ ಕೂಡುವಂತಿಲ್ಲ. ಮೂರೂವರೆ ವಾರ ಉಳಿದಿತ್ತು. ಮಾಫಿನಾಮಾ ಬರುವ ತನಕ ಸಹಿ ಇಲ್ಲ ಎಂದು ಸರ್ ಬಾಯಿ ಬಿಟ್ಟು ಹೇಳಲಿಲ್ಲ. ಅವಳು ಫೈಲು ಹಿಡಿದು ಹೋದಾಗಲೆಲ್ಲ ಅವರಿಗೆ ಬೇರೆ ಕೆಲಸ ಇರುತ್ತಿತ್ತು.

ಆಗ ನಾನು ಮಾಡಿದ್ದನ್ನು ಇಲ್ಲಿ ಮುಚ್ಚಿಟ್ಟರೆ ಇಷ್ಟು ಬರೆದದ್ದು ದಂಡ. ಮರುವಾರ ಸಮಿತಿ ಸೇರುವ ಹಿಂದಿನ ದಿನ ಮಧ್ಯಾಹ್ನ ಗ್ರಂಥಾಲಯದಲ್ಲಿ ಕೂತು ಚಂದದ ಮರಾಠಿಯಲ್ಲಿ ಮಾಫಿನಾಮಾವನ್ನು ನಾನೇ ಬರೆದೆ. ಫೇಸ್‌ಬುಕ್ಕಿನಲ್ಲಿ ಊರಿಗೆಲ್ಲ ಧೈರ್ಯ ಹೇಳುವವಳ ಕೈಬರಹ, ಸ್ವಂತ ಆಫೀಸಿನ ಪ್ರಶ್ನೆ ಬಂದಾಗ ಎಷ್ಟು ದುಂಡಗಾಯಿತು ಎಂದರೆ ನನಗೇ ಆಶ್ಚರ್ಯ.

"ಎರಡು ಸಾಲು ಅವ, ಸಹಿ ಹಾಕ್ ಬಿಡ" ಎಂದೆ.

"ಏನ್ ತಪ್ಪು ಮಾಡೀನಂತ ಬರದೀರಿ ಅಕ್ಕಾ?"

"ಹಂಗ ಬರೀಬೇಕಾಗ್ತದ. ದೇವರಿಗೇನ್ ಮರಾಠಿ ಓದ್ಲಿಕ್ಕ ಬರ್ತದೇನು?"

"ಬರ್ತದಲ್ಲ. ಫಾದರ್ ದಿನಾ ಮರಾಠ್ಯಾಗೇ ಮಾತಾಡ್ತಾರ ಅಂವನ ಜೋಡಿ" ಎಂದಳು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ನನ್ನ ಮೇಜಿನ ಮೇಲೇ ಇಟ್ಟು ಹೋದಳು. ಹರಿದು ಹಾಕಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು.

ಮರುದಿನ ಸಮಿತಿಯವರು ನನ್ನನ್ನೂ ಕರೆಸಿದರು, ಕನ್ನಡ ಬಲ್ಲವಳೆಂದು. ಮೇಜಿನ ಆಚೆ ಅಧ್ಯಕ್ಷ ಮ್ಯಾಡಂ, ಪುಣೆ ಕಡೆಯವರು. ಅಕ್ಕಪಕ್ಕ ಇಬ್ಬರು ಸದಸ್ಯರು. ಮೂಲೆಯ ಕುರ್ಚಿಯಲ್ಲಿ ಪಾಟೀಲ ಸರ್, ಮುಖ ಕಿಟಕಿಯ ಕಡೆಗೆ. ಸ್ಟೆಲ್ಲಾ ನಿಂತಿದ್ದಳು. ನಾನು ಅರ್ಧ ತಾಸು ಮ್ಯಾಡಂಗೆ ಮರಾಠಿಯಲ್ಲಿ ಕನ್ನಡ ಪಾಠ ಮಾಡಿದೆ. ಪಾಪಕ್ಕೆ ಎರಡು ಅರ್ಥ, ಇವಳು ಅಂದದ್ದು ಎರಡನೆಯದು. ಮ್ಯಾಡಂ ನಂಬಲಿಲ್ಲ. ಪಾಪಕ್ಕೂ ಕನಿಕರಕ್ಕೂ ಒಂದೇ ಶಬ್ದ ಇಟ್ಟುಕೊಂಡು ಒಂದು ಭಾಷೆ ಹೇಗೆ ನಡೆಯುತ್ತದೆ, ಇದು ಆಮೇಲೆ ಹೆಣೆದ ನೆಪ ಎಂದರು.

ಅಷ್ಟರಲ್ಲಿ ಶಿಪಾಯಿ ವೀರಭದ್ರ ಮಾಮಾ ಚಹಾ ತಂದ. ಜಳಕೋಟ ಕಡೆಯ ಒಕ್ಕಲು ಮನೆಯವನು, ಹಣೆಯ ತುಂಬ ವಿಭೂತಿ, ಈ ಕೇಂದ್ರ ಕಟ್ಟುವಾಗ ಇಟ್ಟಿಗೆ ಎಣಿಸಿದವನು. ತಟ್ಟೆ ಇಟ್ಟವನೇ ಸ್ಟೆಲ್ಲಾಳನ್ನು ನೋಡಿ ನಾಲಿಗೆ ಲೊಚಗುಟ್ಟಿದ.

"ಎಷ್ಟೊತ್ತಾಯ್ತು ನಿಂತಾಳ. ಪಾಪ, ಪೋರಿ. ಒಂದ್ ಕುರ್ಚಿನರ ಕೊಡಬಾರದೇನ್ರಿ?"

ಮ್ಯಾಡಂ ಥಟ್ಟನೆ ಹಿಡಿದರು. ಇವನೂ ಪಾಪ ಅಂದನಲ್ಲ, ಏನು ಹೇಳಿದ? ಕುರ್ಚಿ ಕೊಡಿ ಅಂದ ಎಂದೆ. ಅದರಲ್ಲಿ ಪಾಪ ಎಲ್ಲಿ ಬಂತು? ಅದನ್ನೇ ಮ್ಯಾಡಂ, ನಾನು ಅರ್ಧ ತಾಸಿನಿಂದ ಹೇಳುತ್ತಿರುವುದು ಎಂದು ಗೆದ್ದವಳ ಹಾಗೆ ನಿಂತೆ. ಆದರೆ ಅವರು ಪ್ರೊಫೆಸರು. ಸಾಕ್ಷಿಯನ್ನು ನೇರ ವಿಚಾರಿಸಬೇಕೆಂದು ಮಾಮಾನಿಗೇ ಕೇಳಿದರು, ನಿಮ್ಮ ಭಾಷೆಯಲ್ಲಿ ಪಾಪ ಅಂದರೆ ಏನು? ಮಾಮಾ ಗಾಬರಿಯಾದ. ತನ್ನ ಭಕ್ತಿಯನ್ನು ಪರೀಕ್ಷೆ ಮಾಡುತ್ತಿದ್ದಾರೆಂದು ತಿಳಿದು, ಕೈ ಕಟ್ಟಿಕೊಂಡು ವಿಚಾರ ಮಾಡಿ ಹೇಳಿದ:

"ಮಂದಿ ಹೊಲದ ಬದು ಒತ್ತೂದು ರೀ."

ಪಕ್ಕದವರ ಹೊಲದ ಗಡಿ ಕದಿಯುವುದು, ಅಂದರೆ ಮರಾಠಿಯವರ ಪಾಪವೇ. ನನ್ನ ವಾದ ಅಲ್ಲಿಗೆ ಮಕಾಡೆ ಬಿತ್ತು. ಸದಸ್ಯರೊಬ್ಬರು ಚಹಾ ಕುಡಿಯುತ್ತ ನಕ್ಕರು. ನಾನು ಬಿಡಲಿಲ್ಲ. "ಮಾಮಾ, ಈಗ ಈ ಪೋರಿಗಿ ಪಾಪ ಅಂದಿಯಲ್ಲ, ಆಕಿ ಯಾರ ಬದು ಒತ್ಯಾಳ?" ಎಂದೆ.

"ಅದಾ?" ಮಾಮಾನಿಗೆ ನಾಚಿಕೆಯಾಯಿತು. "ಅದು ಬ್ಯಾರೇ ಬಿಡ ಅಕ್ಕಾ. ಹೊಟ್ಟಿ ಚುರ್ ಅಂದ್ರ ಬಾಯಾಗಿಂದ ತಾನೇ ಬರ್ತದ."

ಇದನ್ನು ನಾನು ಮರಾಠಿಗೆ ತರುವ ಮೊದಲು ಮೂಲೆಯಿಂದ ಪಾಟೀಲ ಸರ್ ಮಾತಾಡಿದರು. ಕನ್ನಡದಲ್ಲಿ. ನಮ್ಮ ಕಿವಿಗೆ ಮಣ್ಣಿನ ವಾಸನೆ ಬರುವ, ಬೀದರ ಸೀಮೆಯ ಕನ್ನಡದಲ್ಲಿ. ಹನ್ನೆರಡು ವರ್ಷ ಅವರಿಗೆ ಪುಸ್ತಕ ಕೊಟ್ಟಿದ್ದೇನೆ, ಒಂದು ದಿನ ಆ ಬಾಯಿಂದ ಕನ್ನಡ ಕೇಳಿರಲಿಲ್ಲ. ಪಾಟೀಲರು ಗಡಿಯ ಎರಡೂ ಬದಿಗೆ ಇರುತ್ತಾರೆ ಎಂಬುದು ನನ್ನ ತಲೆಗೆ ಹೊಳೆಯಬೇಕಿತ್ತು.

"ಸಾಕ್ ಬಿಡ್ರಿ ಅಕ್ಕಾ. ನನಗ ಅರ್ಥ ಹೇಳಿಕೊಡೂದ್ ಬ್ಯಾಡ. ನಮ್ಮವ್ವ ಔರಾದ ಕಡಿಯಾಕಿ. ಇಕಿ ಏನಂದಾಳ ಅಂತ ಮೊದಲ ದಿನಾನೇ ತಿಳದದ ನನಗ. ಪಾಪಿ ಅಂದಿದ್ರ ತಡಕೋತಿದ್ದೆ, ಯಾರ್ ಮಾಡಿಲ್ಲ ಪಾಪ? ಆದ್ರ ಇಪ್ಪತ್ತೆರಡು ವರ್ಷದ ಪೋರಿ ನಾಕ್ ಮಂದಿ ಮುಂದ ನನಗ ಅಯ್ಯೋ ಪಾಪ ಅಂದಳಲ್ಲ. ಅದಕ್ಕ ಬೇಕಾಗ್ಯದ ಮಾಫಿ."

ಸರ್ ಏನಂದರು ಎಂದು ಮ್ಯಾಡಂ ನನ್ನನ್ನು ಕೇಳಿದರು. "ನಾನು ಹೇಳಿದ ಅರ್ಥ ಸರಿ ಇದೆಯಂತೆ" ಎಂದೆ. ಸುಳ್ಳಲ್ಲ. ಪೂರ್ತಿಯೂ ಅಲ್ಲ.

ಸ್ಟೆಲ್ಲಾ ಆಗ ಕಿಟಕಿಯ ಕಡೆ ತಿರುಗಿ ನಿಂತಳು.

"ಹೊಟ್ಟಿ ಚುರ್ ಅಂದಿದ್ದಕ್ಕ ಮಾಫಿ ಹ್ಯಾಂಗ ಬರೀಲ್ರಿ ಸರ್? ಬೈದಿದ್ರ ಬರಕೊಡ್ತಿದ್ದೆ. ಈಗ ಬರದ್ರ ಸುಳ್ಳಾಗ್ತದ. ನೀವ್ ಆವತ್ತು ಕಿಟಕ್ಯಾಗ ನಿಂತಿದ್ದು ನೋಡಿ ನಂಗ ಖರೇನೇ ಕೆಟ್ಟ ಅನಸ್ತು. ಈಗೂ ಅನಸ್ತದ."

ಮ್ಯಾಡಂಗೆ ಇದನ್ನು ಹೇಗೆ ದಾಟಿಸಲಿ? "ಬರೆಯುವುದಿಲ್ಲವಂತೆ" ಎಂದೆ. ಅಷ್ಟು ಸಾಕಾಯಿತು. ಆ ಸಂಜೆಯೇ ಕೋಣೆಗೆ ಬೀಗ ಬಿತ್ತು.

ಈಗ ನನ್ನ ಅಭಿಪ್ರಾಯ ಕೇಳಿ, ಕೇಳದಿದ್ದರೂ ಹೇಳುತ್ತೇನೆ. ಬಯ್ಯುವವರನ್ನು ಈ ಲೋಕ ಎಷ್ಟು ಬೇಕಾದರೂ ತಡೆದುಕೊಳ್ಳುತ್ತದೆ. ಬೈಗುಳಕ್ಕೆ ತಿರುಗಿ ಬಯ್ಯಬಹುದು, ಲೆಕ್ಕ ಚುಕ್ತಾ. ಮರುಗುವವರನ್ನು ಏನು ಮಾಡುವುದು? ಅವರು ನಿಮ್ಮ ತಪ್ಪನ್ನೂ ನೋಡಿದ್ದಾರೆ, ತಪ್ಪಿನ ಒಳಗಿದ್ದ ಹೆದರಿಕೆಯನ್ನೂ ನೋಡಿದ್ದಾರೆ. ಹಾಗೆ ನೋಡುವುದನ್ನು ಆ ಮಕ್ಕಳು ಶನಿವಾರ ಶನಿವಾರ ಕೂತು ಕಲಿಯುತ್ತಿದ್ದರು. ಅದಕ್ಕೆ ಬೀಗ ಹಾಕುತ್ತೀರಾ, ಹಾಕಿ. ಕೋಣೆಗೆ ಬಾಗಿಲಿದೆ, ಬಾಗಿಲಿಗೆ ಚಿಲಕವಿದೆ. ಸೈಕಲ್ ಸ್ಟ್ಯಾಂಡಿನ ಹತ್ತಿರದ ಬೇವಿನ ಮರದ ಕಟ್ಟೆಗೆ ಎರಡೂ ಇಲ್ಲ.

ಮುಂದಿನ ಶನಿವಾರ ಅಲ್ಲಿಯೇ ಸೇರಿದೆವು. ನೋಟಿಸನ್ನು ನಾನೇ ಬರೆದೆ, ಮಾಫಿನಾಮಾದಷ್ಟೇ ದುಂಡಗೆ. ವಿಷಯ: ಪಾಪ. ಮೇಲೆ ಮರಾಠಿಯಲ್ಲಿ, ಕೆಳಗೆ ಕನ್ನಡದಲ್ಲಿ. ಒಳಗೆ ಇಪ್ಪತ್ತು ಜನ ಕೂಡುತ್ತಿದ್ದಲ್ಲಿ ಹೊರಗೆ ನಲವತ್ತು ಜನ, ಬಿಸ್ಕೀಟು ಸಾಲದೆ ತಲೆಗೆ ಅರ್ಧ ಹಂಚಿದೆ. ಸೈಕಲ್ ತೆಗೆಯಲು ಬಂದವರು ಸೈಕಲ್ ಮೇಲೇ ಕೂತು ವಾದಕ್ಕಿಳಿದರು. ವೀರಭದ್ರ ಮಾಮಾ ದೂರ ನಿಂತು ಕೇಳುತ್ತಿದ್ದವನು ಎರಡನೆಯ ವಾರ ಕಟ್ಟೆಯ ತುದಿಗೆ ಬಂದ, ಮೂರನೆಯ ವಾರ ಬದು ಒತ್ತುವುದರ ಮೇಲೆ ತಾನೇ ಮಾತಾಡುತ್ತೇನೆಂದ. ಕೇಂದ್ರದಲ್ಲಿ ಮಾತಾಡಕೂಡದೆಂದು ಯಾರೂ ಅಂದಿಲ್ಲವಲ್ಲ, ಕೋಣೆ ಇಲ್ಲ ಅಂದದ್ದಷ್ಟೇ. ಹೆಡ್ ಕ್ಲರ್ಕ್ ನನ್ನ ರಜೆಯ ಅರ್ಜಿ ತಿರುಗಿಸಿ ಕಳಿಸಿದರು. ಅದನ್ನು ಮುಂದಿನ ಪಾಪನಿವೇದನೆಗೆಂದು ತೆಗೆದಿಟ್ಟುಕೊಂಡೆ.

ಒಂದು ವಿಷಯ ನಮಗಾರಿಗೂ ಮೊದಲು ಹೊಳೆಯಲಿಲ್ಲ. ಆ ಬೇವಿನ ಮರ ಪರೀಕ್ಷೆಯ ಹಾಲಿನ ಕಿಟಕಿಯಿಂದ ಕಾಣುವ ಮರವೇ. ಅದೇ ಸಾಲಿನಲ್ಲಿ ಪಾಟೀಲ ಸರ್ ಕೋಣೆ. ಶನಿವಾರ ಅವರು ತಲೆ ಎತ್ತಿದರೆ ನಾವು.

ಮೂರನೆಯ ಶನಿವಾರ. ಪ್ರಾಜೆಕ್ಟು ಸಲ್ಲಿಸಲು ಸೋಮವಾರ ಕಡೆಯ ದಿನ. ಸ್ಟೆಲ್ಲಾ ಫೈಲನ್ನು ಮಡಿಲಲ್ಲಿಟ್ಟುಕೊಂಡೇ ಕೂತಿದ್ದಳು. ಬೆಳಿಗ್ಗೆ ಎರಡು ಸಲ ಹೋಗಿ ಬಂದಿದ್ದಳು, ಸರ್‌ಗೆ ಬೇರೆ ಕೆಲಸವಿತ್ತು. ನಾಲ್ಕು ಮಡಿಕೆಯ ಆ ಕಾಗದ ನನ್ನ ಪರ್ಸಿನಲ್ಲೇ ಇತ್ತು. ತೆಗೆದು ಕೊಡಲೇ ಎಂದು ಎರಡು ಸಲ ಕೈ ಹೋಯಿತು. ಸುಳ್ಳು ಯಾಕೆ ಹೇಳಲಿ, ಮೂರು ಸಲ. ಮಾಮಾ ಬದುವಿನ ಮೇಲೆ ಮಾತಾಡುತ್ತಿದ್ದ. "ಒಂದ್ ಸಾಲು ಒತ್ತಿದ್ರ ಯಾರಿಗಿ ತಿಳೀತದ ಅಂತೀವಿ, ಹೊಲಕ್ಕ ತಿಳೀತದ" ಅನ್ನುವಾಗ ಅವನ ಮಾತು ನಿಂತಿತು. ಪಾಟೀಲ ಸರ್ ಬರುತ್ತಿದ್ದರು.

ಬಂದವರು ಯಾರ ಮುಖವನ್ನೂ ನೋಡಲಿಲ್ಲ. ಕೈ ಚಾಚಿದರು. ಸ್ಟೆಲ್ಲಾ ಫೈಲು ಕೊಟ್ಟಳು. ಹತ್ತಿರದ ಸೈಕಲ್ಲಿನ ಸೀಟಿನ ಮೇಲಿಟ್ಟು ಹಾಳೆ ತಿರುಗಿಸಿ ಸಹಿ ಹಾಕಿದರು. ಪೆನ್ನಿನ ಕ್ಯಾಪು ಮುಚ್ಚುತ್ತ ಕೇಳಿದರು:

"ಈಗೂ ಪಾಪ ಅಂತೀಯೇನು?"

"ಇಲ್ರಿ ಸರ್" ಎಂದಳು ಸ್ಟೆಲ್ಲಾ. "ಈಗ ಯಾಕ ಅನ್ಲಿ?"

ಸರ್ "ನಾಕನೇ ಅಧ್ಯಾಯದಾಗ ಶುದ್ಧಲೇಖನ ಭಾಳ ತಪ್ಪದ. ತಿದ್ದಿ ಕೊಡು" ಎಂದು ಹೊರಟುಹೋದರು. ಮಾಮಾ ಗಂಟಲು ಸರಿಮಾಡಿಕೊಂಡು ಬದುವಿಗೆ ವಾಪಸಾದ.

ಕೋಣೆಯ ಬೀಗ ಇನ್ನೂ ಇದೆ. ಹೋದ ತಿಂಗಳು ಮ್ಯಾಡಂ, ಅರ್ಜಿ ಕೊಟ್ಟರೆ ವಿಚಾರ ಮಾಡುತ್ತೇವೆ ಎಂದು ಹೇಳಿಕಳಿಸಿದರು. ನಾವು ಕೊಟ್ಟಿಲ್ಲ. ನಲವತ್ತು ಜನ ಆ ಕೋಣೆಯಲ್ಲಿ ಹಿಡಿಸುವುದಿಲ್ಲ.

ಸಹಿಯಾದ ಮರುವಾರ ನಾನು ಪಾಪನಿವೇದನೆಗೆ ಹೋದೆ. ಅತ್ತೆಯನ್ನು ತರಲಿಲ್ಲ, ನಾದಿನಿಯನ್ನು ತರಲಿಲ್ಲ, ಹೆಡ್ ಕ್ಲರ್ಕ್‌ನನ್ನು ನಾಲಿಗೆಯ ತುದಿಯಿಂದ ಹಿಂದಕ್ಕೆ ಕಳಿಸಿದೆ. ತಪ್ಪು ಮಾಡದ ಹುಡುಗಿಗೆ ತಪ್ಪಾಯಿತೆಂದು ಬರೆದುಕೊಡಲು ಹೇಳಿದೆ, ಗೊತ್ತಿದ್ದು ಹೇಳಿದೆ, ಮನಸ್ಸಿಟ್ಟು ಹೇಳಿದೆ, ಕಾಗದವನ್ನು ಇನ್ನೂ ಹರಿದಿಲ್ಲ ಎಂದೆ. ಎಲ್ಲ ಮರಾಠಿಯಲ್ಲೇ, ಒಂದು ನಿಮಿಷವೂ ಹಿಡಿಯಲಿಲ್ಲ. ಫಾದರ್ ಇನ್ನೂ ಇದೆ ಎಂದು ಕಾದರು. ಇಲ್ಲ ಎಂದು ತಿಳಿದ ಮೇಲೆ, ನಾಲ್ಕು ವರ್ಷ ನಮ್ಮ ನಡುವೆ ಇದ್ದೂ ಕನ್ನಡದ ಒಂದು ಶಬ್ದ ಕಲಿಯದ ಮನುಷ್ಯ, ತಲೆ ಅಲ್ಲಾಡಿಸುತ್ತ ಮೆಲ್ಲಗೆ, "ಪಾಪ" ಎಂದರು.

ಯಾವುದು ಎಂದು ನಾನು ಕೇಳಲಿಲ್ಲ. ಎರಡೂ ನನಗೆ ಸಲ್ಲುತ್ತಿದ್ದವು.